ಅಳಿಲಿನ ಖಾಲಿ ಗುಳ್ಳೆ

ಚಹಾ ಆರುವಷ್ಟರಲ್ಲಿ ಓದಿ ಮುಗಿಸಬಹುದು... ಆದರೆ ಓದಿದ ಮೇಲೆ ಒಂದು ನಿಮಿಷ ಸುಮ್ಮನೆ ಕೂರಿ.

ಹುಬ್ಬಳ್ಳಿಯಲ್ಲಿ ಜಯತೀರ್ಥ ಎಂಬ ಪತ್ರಕರ್ತರಿದ್ದರು. ಇಪ್ಪತ್ತು ವರ್ಷ ರಿಪೋರ್ಟರ್. ಸುದ್ದಿಯ ಮೇಲೆ ತಮ್ಮ ಹೆಸರು ಅಚ್ಚಾದ ದಿನ ಆ ಪೇಪರ್ ಮಡಚಿ ಬೀರುವಿನಲ್ಲಿಡುವಷ್ಟು ಹೆಸರಿನ ಆಸೆ!

ಒಂದು ದಿನ ಆ ಪತ್ರಿಕೆಯೇ ಮುಚ್ಚಿಹೋಯಿತು... ಸಿಕ್ಕಿದ್ದು ಮಕ್ಕಳ ಕಾಮಿಕ್ಸ್ ಮಾಸಿಕದ ಸಂಪಾದಕನ ಕುರ್ಚಿ. ಕಥೆ ಬರೆಯುವುದೂ ಅವರೇ, ತಿದ್ದುವುದೂ ಅವರೇ.

ಹಳೇ ಚಾಳಿ ಬಿಡಬೇಕಲ್ಲ? ಅವರ ಸಿಂಹ ಗರ್ಜಿಸುವ ಬದಲು "ಕಾಡಿನಲ್ಲಿ ಪರಿಸ್ಥಿತಿ ಹತೋಟಿಯಲ್ಲಿದೆ" ಎನ್ನುತ್ತಿತ್ತು!

ಒಂದು ತಿಂಗಳು ದೊಡ್ಡ ಎಡವಟ್ಟಾಯಿತು. ಕಾಡಿನ ಮದುವೆ ಊಟದ ಕಥೆ. ಕೊನೆಯ ಪುಟಕ್ಕೆ ಮಾತು ಸೇರಿಸದ ಫೈಲನ್ನೇ ಜಯತೀರ್ಥರು ಪ್ರೆಸ್‌ಗೆ ಕಳಿಸಿಬಿಟ್ಟಿದ್ದರು.

ಪ್ರಾಣಿಗಳಿದ್ದವು... ಅವುಗಳ ಮಾತಿನ ಗುಳ್ಳೆಗಳೆಲ್ಲ ಖಾಲಿ!

"ಮುಂದಿನ ಸಂಚಿಕೆಯಲ್ಲಿ ಕ್ಷಮಾಪಣೆ ಹಾಕ್ರಿ" ಎಂದರು ಮಾಲೀಕರು. ಜಯತೀರ್ಥರಿಗೆ ತಲೆ ಎತ್ತಲಾಗಲಿಲ್ಲ. ಈ ಕೆಲಸ ನನ್ನದಲ್ಲ ಎಂದುಕೊಂಡು ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡರು.

ಅದೇ ದಿನ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಅದೇ ಪುಟ. ಪ್ರತಿ ಗುಳ್ಳೆಯಲ್ಲೂ ಯಾರೋ ಪೆನ್ಸಿಲಿನಿಂದ ದಪ್ಪ ದಪ್ಪ ಅಕ್ಷರದಲ್ಲಿ ಮಾತು ತುಂಬಿದ್ದರು!

ಕೊನೆಯ ಚಿತ್ರದಲ್ಲಿ, ಎಲ್ಲರಿಗೂ ಬಡಿಸಿ ದಣಿದ ಅಳಿಲು ಬರಿದಾದ ಪಾತ್ರೆಯ ಪಕ್ಕ ಒಂದೇ ಕೂತಿತ್ತು. ಅದಕ್ಕೆ ಜಯತೀರ್ಥರು ಬರೆದಿದ್ದ, ಅಚ್ಚಾಗದೇ ಉಳಿದ ಮಾತು... "ಭೋಜನ ಕಾರ್ಯಕ್ರಮ ಯಶಸ್ವಿಯಾಗಿ ಮುಕ್ತಾಯಗೊಂಡಿತು."

ಪೆನ್ಸಿಲಿನಲ್ಲಿದ್ದದ್ದು... "ಎಲ್ಲಾರೂ ಉಂಡ್ರಿ. ನೀ ಉಂಡೀ ಏನು ಅಂತ ನನ್ನ ಒಬ್ರೂ ಕೇಳ್ಲಿಲ್ಲ."

ಮೂರು ಸಲ ಓದಿದರು. ಯಾರಪ್ಪಾ ಇದು? ಹೆಸರಿಲ್ಲ. ಮೂಲೆಯಲ್ಲಿ ನವಲಗುಂದದ ಕಡೆಯ ಒಂದು ಶಾಲೆಯ ಲೈಬ್ರರಿ ಮುದ್ರೆ ಮಾತ್ರ. ಎಷ್ಟು ವರ್ಷವಾಗಿತ್ತೋ, ಇಂಥ ಕುತೂಹಲ ಹುಟ್ಟಿ... ಮರುದಿನವೇ ಬಸ್ ಹತ್ತಿದರು.

ಹೆಡ್ ಟೀಚರ್ ಪುಟ ತಿರುಗಿಸಿ ಮುರುಗಿಸಿ ನೋಡಿ, "ನಮ್ಮ ಮಕ್ಕಳ ಅಕ್ಷರ ಅಲ್ರೀ ಸರ್ ಇದು" ಎಂದರು.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಅಳುಕಿನ ದನಿ. ಬಿಸಿಯೂಟದ ಅಡುಗೆ ಮಾಡುವ ಸಾವಂತ್ರೆವ್ವ.

"ನಾನ ಬರದಾಕಿ ರೀ ಸರ... ಲೈಬ್ರರಿ ಪುಸ್ತಕದ ಹಾಳಿ ಹರದೀನಿ. ತಪ್ಪಾತ್ರೀ. ಕೆಲಸದಿಂದ ಮಾತ್ರ ತಗೀಬ್ಯಾಡ್ರಿ."

"ಅದಕ್ಕ ಬಂದಿಲ್ರೀ ಅವ್ವಾರ. ಬರೀಬೇಕಂತ ಹೆಂಗ ಅನಿಸ್ತು?"

"ಈ ಮಕ್ಕಳ ಹತ್ರನ ಅಕ್ಷರ ಕಲ್ತೀನ್ರೀ. ಪೇಪರ್ ನನಗ ತಿಳಿಯೂದಿಲ್ಲ, ಈ ಗುಳ್ಳಿ ಅಷ್ಟ ಓದತೀನಿ. ಈ ಸಲ ಖಾಲಿ ಇದ್ವು... ನಮ್ಮಂಥವ್ರೂ ಬರೀಲಿ ಅಂತ ಬೇಕಂತನ ಬಿಟ್ಟಾರ ಅಂತ ತಿಳಕೊಂಡೆ."

ಜಯತೀರ್ಥರು ಇಪ್ಪತ್ತು ವರ್ಷ ಮಂತ್ರಿಗಳಿಗೆ, ಅಧಿಕಾರಿಗಳಿಗೆ ಪ್ರಶ್ನೆ ಕೇಳಿದ್ದ ಮನುಷ್ಯ. ಈಗ ಒಂದೇ ಪ್ರಶ್ನೆ ಬಾಯಿಗೆ ಬಂತು.

"ಅವ್ವಾರ... ನಿಮ್ಮದು ಊಟ ಆತೇನ್ರೀ?"

ಸಾವಂತ್ರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿ ಹರಿಯಿತು.

"ಹನ್ನೊಂದು ವರ್ಷ ಆತ್ರೀ ಬಡಸಾಕ ಹತ್ತಿ... ಇವತ್ತ ಕೇಳಿದ್ರಿ ನೋಡ್ರಿ."

ಅಡುಗೆಮನೆಯ ಕಟ್ಟೆಯ ಮೇಲೆ ಇಬ್ಬರೂ ಅನ್ನ ಸಾರು ಉಂಡರು. ಹೊರಡುವಾಗ ಜಯತೀರ್ಥರು ಜೇಬಿನಿಂದ ಒಂದು ಹಾಳೆ ತೆಗೆದು, "ನಿಮ್ಮ ಹೆಸರು ಬರೆದುಕೊಡ್ರಿ" ಎಂದರು.

ರಾಜೀನಾಮೆ ಪತ್ರದ ಹಿಂಬದಿಯಲ್ಲಿ ಸಾವಂತ್ರೆವ್ವ ಉಸಿರು ಬಿಗಿಹಿಡಿದು ತನ್ನ ಹೆಸರು ಬರೆದಳು.

ಮುಂದಿನ ಸಂಚಿಕೆಯಲ್ಲಿ ಕ್ಷಮಾಪಣೆ ಬರಲಿಲ್ಲ. ಅದೇ ಪುಟ ಅವಳ ಮಾತುಗಳೊಂದಿಗೆ ಮತ್ತೆ ಬಂತು... ಕೆಳಗೆ "ಮಾತು: ಸಾವಂತ್ರೆವ್ವ" ಎಂದಿತ್ತು. ಕೊನೆಗೆ ಓದುಗರಿಗಾಗಿ ನಾಲ್ಕು ಖಾಲಿ ಗುಳ್ಳೆಗಳು.

ಆ ಸಂಚಿಕೆಯನ್ನೂ ಜಯತೀರ್ಥರು ಬೀರುವಿನಲ್ಲಿಟ್ಟರು. ತಮ್ಮದಲ್ಲದ ಹೆಸರಿಗಾಗಿ ಇಟ್ಟದ್ದು ಅದೊಂದೇ.

*ನಾವು ಸ್ವಲ್ಪ ಜಾಗ ಬಿಟ್ಟರೆ ಸಾಕು... ಇಷ್ಟು ದಿನ ಸುಮ್ಮನಿದ್ದವರೂ ಮಾತಾಡುತ್ತಾರೆ.*

ಇವತ್ತು ನಿಮಗೆ ಬಡಿಸಿದವರು ಉಂಡರಾ... ಕೇಳಿದಿರಾ?