ಅತ್ತೆಯ ಪಾಳಿ

ಬೆಳಗಿನ ಹತ್ತೂವರೆಗೆ ಗದಗದ ಹತ್ತಿ ಮಾರುಕಟ್ಟೆಗೆ ಘಟಸರ್ಪ ನುಗ್ಗಿತು. ಆ ವಾರ ಅಲ್ಲಿನ ಕಾವಲು ಫಕೀರವ್ವ ಮತ್ತು ಅವರ ಸೊಸೆ ಕಸ್ತೂರಿಯದು. ಎಲ್ಲ ಕಾಳಗಗಳಂತೆ ಇಲ್ಲಿಯೂ ಒಬ್ಬರಾದ ಮೇಲೆ ಒಬ್ಬರಿಗೆ ಪಾಳಿ, ಒಂದು ಪಾಳಿಗೆ ಒಂದೇ ಕೆಲಸ; ಎಸೆದ ಈಟಿ ತಗಲುವುದು ದಾಳ ಬಿದ್ದಂತೆ. ಮಾತಿಗೆ ಮಾತ್ರ ಪಾಳಿಯಿಲ್ಲ.

ಮೊದಲ ಪಾಳಿ ಘಟಸರ್ಪಕ್ಕೆ ಸಿಕ್ಕಿತು. ಅದು ಕಚ್ಚಿದ್ದೇ ಕಸ್ತೂರಿ ನೆಲಕ್ಕೆ ಬಿದ್ದಳು. ಇನ್ನೊಮ್ಮೆ ಕಚ್ಚಿದರೆ ಅವಳು ಉಳಿಯುವಂತಿರಲಿಲ್ಲ. ಈಗ ಅತ್ತೆಯ ಪಾಳಿ. ಘಟಸರ್ಪ ಹೆಡೆ ಎತ್ತಿ ಕಾಯುತ್ತ ನಿಂತಿತು.

“ಅತ್ತಿ, ಈಟಿ ಒಗೀರಿ! ದಾಳದಾಗ ಐದು ಬಿದ್ರ ಅದು ಸತ್ತಂಗ.”

“ಬೀಳಲಿಲ್ಲಂದ್ರ? ಬಾಯಿ ತೆಗಿ, ಔಷಧ ಕುಡಿ.”

“ನನ್ ಮ್ಯಾಲ ಅಷ್ಟು ಜೀವ ಏನ್ರಿ ನಿಮಗ?”

“ಇವತ್ತು ರೊಟ್ಟಿ ಪಾಳಿ ನಿಂದೈತಿ. ಸತ್ತು ತಪ್ಪಿಸ್ಕೋಬೇಕಂತಿ ಏನ?”

ಔಷಧ ಕುಡಿಸಲು ದಾಳ ಬೇಕಿರಲಿಲ್ಲ. ಘಟಸರ್ಪ ತನ್ನ ಪಾಳಿಯಲ್ಲಿ ಕಸ್ತೂರಿಯನ್ನು ಮತ್ತೆ ಕಚ್ಚಿತು; ಕುಡಿದ ಔಷಧ ಅವಳನ್ನು ಉಳಿಸಿತು. ಅವಳು ಬಿದ್ದಲ್ಲಿಂದಲೇ ದಾಳ ಹಾಕಿ ಈಟಿ ಎಸೆದಳು. ಐದು ಬಿತ್ತು.

ಮಧ್ಯಾಹ್ನದ ರೊಟ್ಟಿಯನ್ನು ಫಕೀರವ್ವ ಬಡಿದರು.