ಗೆಣಸಿನ ಹಾಲು

ಕಣ್ಣು ಮಂಜಾದ ಚಾಂದಬಿಯ ಮುಂದೆ ಮಗ ಜಿಲಾನಿ ಗೆಣಸು, ಬಟಾಟಿ, ಸಣ್ಣ ಸುವರ್ಣಗಡ್ಡೆಗಳನ್ನು ಒಟ್ಟಿಗೆ ಸುರಿದ. “ಬ್ಯಾರೆ ಮಾಡು ಯವ್ವಾ. ಒಂದು ತಪ್ಪಿದ್ರೂ ಇವತ್ತಿಂದ ಬಬಲೇಶ್ವರ ಸಂತ್ಯಾಗ ನಿನ್ನ ವ್ಯಾಪಾರ ಬಂದ್. ಮನ್ಯಾಗ ಕುಂದ್ರು.”

ಬೆರಳಿಗೆ ಸಣ್ಣ ಕುಣಿಗಳು ಸಿಕ್ಕರೆ ಬಟಾಟಿ. ಅಂಗೈ ತುರಿಸಿದರೆ ಸುವರ್ಣಗಡ್ಡೆ. ಉಳಿದವುಗಳ ತುದಿಯನ್ನು ಆಕೆ ಪಟಕ್ಕನೆ ಮುರಿದು ನೋಡಿದಳು. ಜಿನುಗಿದ ಹಾಲು ಬೆರಳಿಗೆ ಅಂಟಿತು. ಒಂದು ಗೆಣಸನ್ನೂ ಮುರಿಯದೆ ಬಿಡಲಿಲ್ಲ. ಮೂರು ಗುಂಪುಗಳಲ್ಲಿ ಒಂದೂ ತಪ್ಪಿರಲಿಲ್ಲ.

ಜಿಲಾನಿ ಇನ್ನೂ ಸೋಲಲು ಸಿದ್ಧನಿರಲಿಲ್ಲ. “ಮುಂದಿನ ವಾರ ನೋಡೂಣು. ಇವತ್ತ ಬ್ಯಾಡ.”

ಚಾಂದಬಿ ಅಂಟುಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ಮುರದ ಗೆಣಸು ಮುಂದಿನ ವಾರದತನಕ ಇರತಾವೇನಲೇ? ಇವತ್ತ ಮಾರಬೇಕು. ಬುಟ್ಟಿ ಎತ್ತು, ಸಂತಿ ಜೀಪ್ ಹೋದೀತು.”