ಕ್ಯೂನಲ್ಲಿ ಮೊದಲು ನಿಂತವರು

ಸೊಸೈಟಿಯನ್ನು ಮುಳುಗಿಸಿದವರು ಯಾರೆಂದು ಭಾಲ್ಕಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಶಿವರಾಜಪ್ಪ ಮಾಸ್ತರು. ಆ ಸೋಮವಾರ ಬೆಳಿಗ್ಗೆ ಮುಚ್ಚಿದ ಶಟರಿನ ಮುಂದೆ ಮೊದಲು ನಿಂತವರು ಅವರೇ. ಕಂಡವರು ಒಬ್ಬಿಬ್ಬರಲ್ಲ.

ಮಾಸ್ತರು ಖಾಸಗಿ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಬಾಯಿ ಮಾತ್ರ ನಿವೃತ್ತಿಯಾಗಲಿಲ್ಲ. ಭಾನುವಾರ ಬೆಳಿಗ್ಗೆ ಭಾಲ್ಕಿಯಲ್ಲಿ, ಮಧ್ಯಾಹ್ನ ಔರಾದ ಕಡೆಯ ಠಾಣಾ ಕುಶನೂರಿನಲ್ಲಿ ಹಣದ ಪಾಠ. ತಲೆಗೆ ಐವತ್ತು ರೂಪಾಯಿ. ನಾನೂರು ವರ್ಷದ ಹಿಂದೆ ಡಚ್ಚರು ಉಳ್ಳಾಗಡ್ಡಿಯಂಥ ಹೂವಿನ ಗಡ್ಡೆಗೆ ಮನೆ ಬರೆದುಕೊಟ್ಟ ಕಥೆ ಶುರು ಮಾಡಿ, ಅಲ್ಲಿಂದ ನೇರ ಮುಂದಿನ ಬೆಂಚಿನವರ ಕಂತಿನ ಟಿವಿಗೆ ಬರುತ್ತಿದ್ದರು. ಊರಿನ ಒಂದು ಫ್ರಿಜ್ಜೂ ಅವರ ಬಾಯಿಂದ ಪಾರಾಗಿರಲಿಲ್ಲ.

ಸೊಸೈಟಿಯನ್ನೂ ಅವರು ಬಿಟ್ಟಿರಲಿಲ್ಲ. ಅದು ವ್ಯಾಪಾರಿಗಳು ಕಟ್ಟಿದ ಪತ್ತಿನ ಸೊಸೈಟಿ. ಬೆಳಿಗ್ಗೆ ಬೋಣಿಯಾಗದೆ, ಅಂದರೆ ಒಬ್ಬರಾದರೂ ಹಣ ಕಟ್ಟದೆ, ಕ್ಯಾಷಿಯರ್ ವೀರಭದ್ರ ಯಾರಿಗೂ ಒಂದು ಪೈಸೆ ಬಿಚ್ಚುತ್ತಿರಲಿಲ್ಲ. ಈ ಬುದ್ಧಿ ಇದ್ದಿದ್ದರೆ ಅಮೆರಿಕದ ಬ್ಯಾಂಕುಗಳು ಮೂವತ್ತರ ದಶಕದಲ್ಲಿ ಮುಳುಗುತ್ತಲೇ ಇರಲಿಲ್ಲ ಎಂದು ಮಾಸ್ತರು ಎಲ್ಲರನ್ನೂ ನಗಿಸುತ್ತಿದ್ದರು.

ಆ ಭಾನುವಾರದ ಪಾಠವೂ ಬ್ಯಾಂಕಿನದೇ. ಬ್ಯಾಂಕು ಸಾಯುವುದು ಕಳ್ಳರಿಂದಲ್ಲ, ಬಾಗಿಲ ಮುಂದಿನ ಕ್ಯೂನಿಂದ. ಒಬ್ಬ ಓಡಿದನೆಂದು ಇನ್ನೊಬ್ಬ ಓಡುತ್ತಾನೆ. ಯಾರು ಓಡಿದರೂ ನೀವು ಓಡಬೇಡಿ. ಹೀಗೆಂದು ಮೇಜು ಕುಟ್ಟಿದ್ದರು.

ಮರುದಿನ ಎಂಟೂವರೆಗೆ ಅವರೇ ಸೊಸೈಟಿಯ ಮೆಟ್ಟಿಲ ಮೇಲೆ. ಎದೆಗವಚಿದ ಕೈಚೀಲ, ಎಡಕ್ಕೂ ಬಲಕ್ಕೂ ಕಳ್ಳನೋಟ. ಹಾಲು ತರಲು ಹೊರಟಿದ್ದ ಖಾನಾವಳಿಯ ಸಿದ್ದೇಶ್ವರಿ, ಇಷ್ಟು ಬೇಗ ಇಲ್ಲೇನು ಕೆಲಸ ಎಂದು ಕೇಳಿದಳು.

"ಇವತ್ತ ಆಗಬೇಕವ್ವಾ. ನಾಳಿಗಂದ್ರ ಸಿಗಂಗಿಲ್ಲ," ಎಂದರು ಮಾಸ್ತರು.

ಸಿದ್ದೇಶ್ವರಿ ಹಾಲು ಮರೆತಳು. ಪಾಸ್‌ಬುಕ್ ತರಲು ಮನೆಗೆ ಓಡಿದಳು. ಸಿಕ್ಕವರಿಗೆಲ್ಲ ಹೇಳುತ್ತಲೇ ಓಡಿದಳು. ಹತ್ತಕ್ಕೆ ಶಟರು ಏಳುವಾಗ ಕ್ಯೂ ಮುಂದಿನ ಓಣಿಗೆ ತಿರುಗಿತ್ತು. ಮಾಸ್ತರು ಮೊದಲು ಒಳಗೆ ಹೋದರು. ಹತ್ತು ನಿಮಿಷಕ್ಕೆ ಕೈ ಬೀಸಿಕೊಂಡು ಹೊರಬಂದರು. ಕ್ಯೂ ನೋಡಿ ಅವರ ಮುಖ ಕಪ್ಪಿಟ್ಟಿತು. ಸಿಕ್ಕಿಬಿದ್ದ ಕಳ್ಳನ ಮುಖ ಎಂದರು ಜನ.

ವೀರಭದ್ರ ತಲೆಗೆ ನಲವತ್ತು ಸಾವಿರ ಮಾತ್ರ ಎಂದ. ಇಪ್ಪತ್ತು ಜನಕ್ಕೆ ಕೊಟ್ಟು ಕೈಮುಗಿದ, ಶಟರು ಇಳಿಸಿದ, ಫೋನ್ ಆರಿಸಿ ಸಾಯಗಾಂವದ ಸೋದರಮಾವನ ಮನೆ ಸೇರಿದ. ರಜಿಸ್ಟರುಗಳನ್ನು ಬೀದರಿನ ಸಹಕಾರ ಇಲಾಖೆಯ ಅಧಿಕಾರಿಗಳು ವಿಚಾರಣೆಗೆಂದು ಕಟ್ಟಿಕೊಂಡು ಹೋದರು. ಎರಡು ಲಕ್ಷ ಇಟ್ಟಿದ್ದ ಸಿದ್ದೇಶ್ವರಿಗೆ ದಕ್ಕಿದ್ದು ಆ ನಲವತ್ತು ಸಾವಿರವೇ.

ಊರು ಮಾಸ್ತರಿಗೆ ಬಾಯಿಗೆ ಬಂದಂತೆ ಬೈದಿತು. ಅದೇ ಬಾಯಿಂದ ಹೊಗಳಿತು ಕೂಡ. ಮುಳುಗುವ ಹಡಗಿನಿಂದ ನಿವೃತ್ತಿಯ ಎಂಟು ಲಕ್ಷವನ್ನು ಎತ್ತಿಕೊಂಡು ಜಿಗಿದ ತಲೆ ಎಂದರೆ ಸಾಮಾನ್ಯವೇ? ಮುಂದಿನ ಭಾನುವಾರ ಕುಶನೂರಿನಲ್ಲಿ ಕುರ್ಚಿ ಸಾಲದೆ ಶಾಲೆಯಿಂದ ತರಿಸಬೇಕಾಯಿತು. ಫೀಸು ನೂರಕ್ಕೇರಿತು. ಮಾಸ್ತರು ಡಚ್ಚರ ಬಗ್ಗೆ ಹೇಳಿದರು, ಅಮೆರಿಕದವರ ಬಗ್ಗೆ ಹೇಳಿದರು. ಸೋಮವಾರದ ಬಗ್ಗೆ ತುಟಿ ಬಿಚ್ಚಲಿಲ್ಲ.

ಮನೆಯಲ್ಲಿ ಅವರ ಹೆಂಡತಿ ಚಂದ್ರಭಾಗಾಬಾಯಿಗೆ ಮದುವೆಯಾದ ಮೇಲೆ ಮೊದಲ ಸಲ ಗಂಡನ ಮೇಲೆ ಹೆಮ್ಮೆ ಹುಟ್ಟಿತು. ಹಣ ಎಲ್ಲಿದೆ ಎಂದು ಆಕೆ ಎಂದೂ ಕೇಳಿದವರಲ್ಲ. ಇಂಥ ಪಂಡಿತರು ಮನೆಯಲ್ಲೇ ಇರುವಾಗ ಕೇಳುವುದೇನು? ಈಗ ಮಾತ್ರ ಕೇಳಬೇಕಾಯಿತು. ಮಗಳು ಕಾಜಲಳ ನರ್ಸಿಂಗ್ ಕಾಲೇಜಿನ ಫೀಸಿಗೆ ಒಂದೇ ವಾರ ಉಳಿದಿತ್ತು.

"ಆ ರೊಕ್ಕ ಈಗ ಯಾರ ಕೈಗೂ ಸಿಗಂಗಿಲ್ಲ," ಎಂದರು ಮಾಸ್ತರು.

ವಿಚಾರಣೆ ಮುಗಿಯುವವರೆಗೆ ಭದ್ರವಾಗಿ ಇಟ್ಟಿದ್ದಾರೆ ಎಂದುಕೊಂಡು ಚಂದ್ರಭಾಗಾಬಾಯಿ ತಮ್ಮ ಕೈಯ ಪಾಟ್ಲಿ ಬಳೆ ಅಡವಿಟ್ಟು ಫೀಸು ಕಟ್ಟಿದರು. ಮಾಸ್ತರಿಗೆ ಎರಡು ದಿನ ಊಟ ಸೇರಲಿಲ್ಲ. ಊರಿನ ಶಾಪ ತಟ್ಟಿತೆಂದು ಓಣಿಯವರಿಗೆ ಖುಷಿಯಾಯಿತು.

ತಿಂಗಳ ಮೇಲೆ ಬೀದರಿನಲ್ಲಿ ವಿಚಾರಣೆ. ಸಿದ್ದೇಶ್ವರಿಯ ಅರ್ಜಿಗೆ ಅರವತ್ಮೂರು ಸಹಿ. ಮಾಸ್ತರು ಒಳಗಿನ ಸುದ್ದಿ ತಿಳಿದು ಎತ್ತಿದ ಎಂಟು ಲಕ್ಷವನ್ನು ವಸೂಲು ಮಾಡಿ ಎಲ್ಲರಿಗೂ ಹಂಚಬೇಕೆಂಬುದು ಬೇಡಿಕೆ. ಚಂದ್ರಭಾಗಾಬಾಯಿ ಜಗಳಕ್ಕೆ ಸಿದ್ಧರಾಗಿ, ಸೆರಗು ಬಿಗಿದು ಗಂಡನ ಪಕ್ಕದಲ್ಲೇ ಕೂತರು.

ಅಧಿಕಾರಿ ಆ ಸೋಮವಾರದ ರಜಿಸ್ಟರಿಗೆ ಕೈ ಹಾಕುತ್ತಲೇ ಮಾಸ್ತರು ಎದ್ದು ನಿಂತರು. ಅದನ್ನು ತೆಗೆಯುವುದು ಬೇಡ, ಕ್ಲಾಸಿನ ಫೀಸಿನಲ್ಲಿ ತಿಂಗಳಿಗೆ ಐದು ಸಾವಿರದಂತೆ ತಾವೇ ಕಟ್ಟುತ್ತ ಹೋಗುವುದಾಗಿ ತಡವರಿಸಿದರು.

"ಸರ್, ನೀವು ಕಲಿಸಿದ್ದು ನಾವು ಮರ್ತಿಲ್ರಿ," ಎಂದಳು ಸಿದ್ದೇಶ್ವರಿ. "ನೀವೇ ಮರ್ತ್ರಿ."

ಮಾಸ್ತರು ತಲೆ ತಗ್ಗಿಸಿದರು. ಚಂದ್ರಭಾಗಾಬಾಯಿಗೆ ಅದನ್ನು ನೋಡಲಾಗಲಿಲ್ಲ.

"ತೆಗೀರಿ ಸಾಹೇಬ್ರ. ನಮ್ಮ ಮನಿಯವರು ತಮ್ಮ ರೊಕ್ಕ ತಾವು ತಗೊಂಡಾರ. ಅದರಾಗ ಕಳ್ಳತನ ಏನದ?"

ಮಾಸ್ತರು ಹೆಂಡತಿಯ ಕೈ ಹಿಡಿದು ಬೇಡವೆಂದರು. ಆಕೆ ಕೊಡವಿಕೊಂಡರು. ಅಧಿಕಾರಿ ಹಾಳೆ ತಿರುವಿ, ಆ ದಿನದ ಮೊದಲ ಸಾಲಿನ ಮೇಲೆ ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ ಓದಿದರು.

"ಶಟರು ತೆರೆದಾಗ ಗಲ್ಲಾದಲ್ಲಿ ಮುನ್ನೂರ ನಲವತ್ತು ರೂಪಾಯಿ, ಹತ್ತು ಗಂಟೆ ಐದು ನಿಮಿಷಕ್ಕೆ ಶಿವರಾಜಪ್ಪ, ಹೆಚ್ಚು ಬಡ್ಡಿಯ ಠೇವಣಿ, ಯೋಜನೆಯ ಕೊನೆಯ ದಿನ, ಎಂಟು ಲಕ್ಷ ಜಮಾ."